ಆಫರ್ ಲೆಟರಿನಲ್ಲಿ 3.6 ಲಕ್ಷ, ಬ್ಯಾಂಕಿಗೆ ಬರುವುದು 22,179

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯಲ್ಲಿ ಪದವಿ ಮುಗಿಸಿದ ಹುಡುಗ ಹುಡುಗಿಯರು ಆಫರ್ ಲೆಟರ್ ಬಂದ ಕೂಡಲೇ ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸುತ್ತಾರೆ. 3.6 ಲಕ್ಷ ಅಂದರೆ ತಿಂಗಳಿಗೆ ಮೂವತ್ತು ಸಾವಿರ. ಮನೆಯಲ್ಲೂ ಅದೇ ಲೆಕ್ಕ ಹಿಡಿದು ರೂಮಿನ ಬಾಡಿಗೆ, ಎಜುಕೇಶನ್ ಲೋನಿನ ಕಂತು ಎಲ್ಲ ನಿಶ್ಚಯವಾಗುತ್ತದೆ. ಸಂಬಳ ಜಮಾ ಆದ ದಿನ ಸಂಬಳದ ಪಟ್ಟಿ ಮಾಡುವವರಿಗೆ ಫೋನ್ ಬರುತ್ತದೆ: "ಸರ್, ಎಂಟು ಸಾವಿರ ಕಮ್ಮಿ ಬಂದಿದೆ." ಲೆಕ್ಕದಲ್ಲಿ ತಪ್ಪಿರುವುದಿಲ್ಲ. ಆ ಮೂವತ್ತು ಸಾವಿರ ಸಂಬಳವೇ ಆಗಿರಲಿಲ್ಲ, ಅಷ್ಟೇ. ಅದು ಸಿಟಿಸಿ, ಅಂದರೆ ನಿಮಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. 3,60,000ದಲ್ಲಿ ಶೇ. 10 ವೇರಿಯೇಬಲ್ ಪೇ ಅಂತ ಬರೆದಿದ್ದರೆ 36,000 ಪಕ್ಕಕ್ಕಿಡಿ. ಅದು ತಿಂಗಳ ಸಂಬಳದಲ್ಲಿ ಬರುವುದಿಲ್ಲ. ಕೊಟ್ಟರೂ ಸಾಮಾನ್ಯವಾಗಿ ವರ್ಷದ ಕೊನೆಗೆ, ಪೂರ್ತಿಯೇ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಉಳಿದದ್ದು ತಿಂಗಳಿಗೆ 27,000. ಬೇಸಿಕ್, ಅಂದರೆ ಮೂಲ ವೇತನ, 15,000 ಇದ್ದರೆ ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) ಅದರ ಶೇ. 12, ಅಂದರೆ 1,800. ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದು ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಬೇಸಿಕ್‌ನ ಶೇ. 4.81, ಸುಮಾರು 721. ಆರೋಗ್ಯ ವಿಮೆಯ ಕಂತು 500 ಅಂತಿಟ್ಟುಕೊಳ್ಳಿ. ಇವು ಮೂರೂ ಸಿಟಿಸಿಯೊಳಗೇ ಇರುತ್ತವೆ. ಕಳೆದರೆ ಒಟ್ಟು ಸಂಬಳ, ಅಂದರೆ ಗ್ರಾಸ್, 23,979. ಅದರಿಂದ ನಿಮ್ಮ ಪಾಲಿನ ಪಿಎಫ್ ಮತ್ತೊಂದು 1,800 ಹೋಗುತ್ತದೆ. ಕೈಗೆ 22,179. ಗ್ರಾಸ್ 25,000 ಮುಟ್ಟಿದರೆ ಕರ್ನಾಟಕದಲ್ಲಿ ತಿಂಗಳಿಗೆ 200 ರೂಪಾಯಿ (ಫೆಬ್ರವರಿಯಲ್ಲಿ 300) ವೃತ್ತಿ ತೆರಿಗೆಯೂ ಇದೆ. ಆದಾಯ ತೆರಿಗೆಯ ಚಿಂತೆ ಈ ಮಟ್ಟದಲ್ಲಿ ಬೇಡ. ಹೊಸ ಪದ್ಧತಿಯಲ್ಲಿ 2025-26ರಿಂದ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬರುವುದಿಲ್ಲ.

ಪಿಎಫ್ ಎರಡೂ ಪಾಲು ನಿಮ್ಮ ಹೆಸರಿಗೇ ಜಮಾ ಆಗುವ ದುಡ್ಡು. ಗ್ರಾಚ್ಯುಟಿ ಹಾಗಲ್ಲ. ಕಾಯಂ ನೌಕರರು ಐದು ವರ್ಷ ತುಂಬುವ ಮೊದಲು ಬಿಟ್ಟರೆ ಅದು ಸಿಗುವುದಿಲ್ಲ. ಎರಡು ವರ್ಷಕ್ಕೆ ಕೆಲಸ ಬದಲಿಸುವ ಯೋಚನೆ ಇರುವವರು ಆ ಸಾಲನ್ನು ಹೊಡೆದುಹಾಕಿಯೇ ಲೆಕ್ಕ ಮಾಡಬೇಕು.

"ಬೇಸಿಕ್ ಕಮ್ಮಿ ಮಾಡಿದ್ದೇವೆ, ಕೈಗೆ ಜಾಸ್ತಿ ಬರುತ್ತದೆ" ಅಂತ ಹೇಳುವವರಿದ್ದಾರೆ. ಬೇಸಿಕ್ 8,000 ಇಟ್ಟು ಅದರ ಮೇಲೆ ಮಾತ್ರ ಪಿಎಫ್ ಕಟ್ಟಿದರೆ 960 ಆಗುತ್ತದೆ. ಕೈಗೆ 840 ಹೆಚ್ಚು ಬರುವುದು ನಿಜ. ಆದರೆ ಕಂಪನಿಯ ಪಾಲಿನಲ್ಲೂ 840 ಕಡಿಮೆಯಾಗುತ್ತದೆ, ಅದು ನಿಮ್ಮ ಸಂಬಳಕ್ಕೆ ಸೇರದೇ ಹೋದರೆ ಪ್ರತಿ ತಿಂಗಳೂ ನಿಮಗೆ ನಷ್ಟ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಹಾಗಾಗಿ ಬೇಸಿಕ್ ಅರ್ಧಕ್ಕಿಂತ ತೀರಾ ಕೆಳಗಿದ್ದರೆ ಪಿಎಫ್ ಯಾವ ಮೊತ್ತದ ಮೇಲೆ ಕಟ್ಟುತ್ತೀರಿ ಎಂದು ಸೇರುವ ಮೊದಲೇ ಕೇಳಿ.

ಊರಲ್ಲೇ ಸಿಗುವ ಕೆಲಸವನ್ನು ಬೆಂಗಳೂರಿನ ಕೆಲಸದ ಜೊತೆ ಹೋಲಿಸುವಾಗ ಕೈಗೆ ಬಂದು ಖರ್ಚು ಕಳೆದು ಉಳಿಯುವುದನ್ನು ಹೋಲಿಸಿ. ಕಾರವಾರದಲ್ಲಿ ಗ್ರಾಸ್ 18,000, ಬೇಸಿಕ್ 10,000 ಇದ್ದರೆ ಪಿಎಫ್ 1,200 ಹೋಗುತ್ತದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುವ ಸಂಸ್ಥೆಯಾದರೆ 21,000ದವರೆಗಿನ ಸಂಬಳಕ್ಕೆ ಶೇ. 0.75, ಅಂದರೆ 135. ಕೈಗೆ 16,665. ಮನೆಯಿಂದಲೇ ಓಡಾಡಿದರೆ ಪೆಟ್ರೋಲು, ಮಧ್ಯಾಹ್ನದ ಊಟಕ್ಕೆ 3,500 ಹೋದರೂ 13,000 ಉಳಿಯುತ್ತದೆ. ಮೊದಲಿನ ಉದಾಹರಣೆಯ ಕೆಲಸ ಬೆಂಗಳೂರಿನದಾದರೆ ಆ 22,179ರಲ್ಲಿ ಪಿಜಿ 9,000, ಹೊರಗಿನ ಊಟ ಮತ್ತು ಓಡಾಟ 3,500, ಊರಿಗೆ ಬಂದು ಹೋಗಲು 2,000, ಮೇಲಿನ ಖರ್ಚು ಸಾವಿರ ಹಿಡಿದರೆ ಉಳಿಯುವುದು 6,679. ಶಕ್ತಿ ಯೋಜನೆ ಇದೆಯಲ್ಲ ಅಂತ ಹೆಣ್ಣುಮಕ್ಕಳು ಬಸ್ ಖರ್ಚು ಬಿಟ್ಟುಬಿಡಬಾರದು. ಸ್ಲೀಪರ್, ರಾಜಹಂಸ, ಎಸಿ ಬಸ್ಸಿಗೂ ಗೋವಾಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೂ ಅದು ನಡೆಯುವುದಿಲ್ಲ. ಗೋವಾದ ಕಾರ್ಖಾನೆಗೆ ಇಲ್ಲಿಂದಲೇ ಓಡಾಡುವವರು ಕಂಪನಿ ಬಸ್ಸಿನ ದುಡ್ಡು ಸಂಬಳದಲ್ಲಿ ಕಡಿತವಾಗುತ್ತದೆಯೇ ಎಂದು ಕೇಳಬೇಕು.

ಇಷ್ಟು ಹೇಳಿದ್ದು ಊರಲ್ಲೇ ಇರಿ ಎನ್ನುವುದಕ್ಕಲ್ಲ. ಎರಡು ವರ್ಷದ ಹಿಂದೆ ಅದೇ ಹುದ್ದೆಗೆ ಸೇರಿದವರಿಗೆ ಈಗ ಎಷ್ಟು ಬರುತ್ತಿದೆ ಎಂದು ಎರಡೂ ಕಡೆ ವಿಚಾರಿಸಿ. ಮೊದಲ ಸಂಬಳಕ್ಕಿಂತ ಆ ಉತ್ತರಕ್ಕೆ ತೂಕ ಹೆಚ್ಚು.

ಬೆಂಗಳೂರಿಗೆ ಹೋಗುವವರು ಐವತ್ತು ದಿನದ ಖರ್ಚು ಮತ್ತು ಪಿಜಿ ಅಡ್ವಾನ್ಸ್ ಕೈಯಲ್ಲಿ ಇಟ್ಟುಕೊಂಡೇ ಬಸ್ ಹತ್ತಬೇಕು. ಸಂಬಳದ ಪಟ್ಟಿ ಎಷ್ಟೋ ಕಡೆ 20ನೇ ತಾರೀಕಿನ ಆಸುಪಾಸಿಗೇ ಮುಚ್ಚುತ್ತದೆ. 22ಕ್ಕೆ ಸೇರಿದವರ ಒಂಬತ್ತು ಹತ್ತು ದಿನದ ಸಂಬಳವೂ ಮುಂದಿನ ತಿಂಗಳ ಜೊತೆಗೇ ಬರುವುದು.

ನೌಕಾನೆಲೆಯಲ್ಲಿ ಕೆಲಸ, ಕೈಗಾದಲ್ಲಿ ಕೆಲಸ ಅಂತ ಊರಲ್ಲಿ ಹೇಳುತ್ತಾರೆ. ನೇಮಕಾತಿ ಪತ್ರದ ತಲೆಯಲ್ಲಿ ಗುತ್ತಿಗೆದಾರರ ಹೆಸರಿದ್ದರೆ ನಿಮ್ಮ ಮಾಲೀಕರು ಅವರೇ. ಪಿಎಫ್, ರಜೆ, ಅನುಭವ ಪತ್ರ ಎಲ್ಲಕ್ಕೂ ಅವರನ್ನೇ ಕೇಳಬೇಕು. ಅಪ್ರೆಂಟಿಸ್ ಅಂತ ಬರೆದಿದ್ದರೆ ಸಿಗುವುದು ಸ್ಟೈಪೆಂಡ್, ಅದರಲ್ಲಿ ಪಿಎಫ್ ಇರುವುದಿಲ್ಲ.

ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂದು ಬರೆದುಕೊಡುವ ಬಾಂಡ್‌ನಲ್ಲಿ ಎಷ್ಟು ತಿಂಗಳು, ಬಿಟ್ಟರೆ ಎಷ್ಟು ದುಡ್ಡು ಎಂಬ ಎರಡು ಅಂಕಿ ಓದದೇ ಸಹಿ ಬೇಡ. "ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ" ಎಂಬ ಗೆಳೆಯರ ಮಾತನ್ನು ನಂಬಬೇಡಿ; ಬ್ಯಾಂಕೊಂದರ ಎರಡು ಲಕ್ಷದ ಬಾಂಡನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಮೂಲ ಅಂಕಪಟ್ಟಿಯನ್ನು ತೋರಿಸಿ ವಾಪಸ್ ತನ್ನಿ, ಇಟ್ಟು ಬರಬೇಡಿ.

ನಮ್ಮ ಜಿಲ್ಲೆಯವರಿಗೆ ಪಿಎಫ್ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾಯ್ಕ, ಆಧಾರ್‌ನಲ್ಲಿ ನಾಯಕ. ಒಂದರಲ್ಲಿ ಹೆಗಡೆ, ಇನ್ನೊಂದರಲ್ಲಿ ಹೆಗ್ಡೆ. ಒಂದರಲ್ಲಿ ಇನಿಷಿಯಲ್ ಮಾತ್ರ, ಇನ್ನೊಂದರಲ್ಲಿ ಅಪ್ಪನ ಹೆಸರು ಪೂರ್ತಿ. ಆಧಾರ್, ಪ್ಯಾನ್, ಬ್ಯಾಂಕ್ ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರುವಂತೆ ಸೇರುವ ಮೊದಲೇ ತಿದ್ದಿಸಿ. ಐಎಫ್‌ಎಸ್‌ಸಿ ಕೋಡ್ ಇಲ್ಲದ ಸೇವಾ ಸಹಕಾರಿ ಸಂಘದ ಖಾತೆ ಇದಕ್ಕೆ ನಡೆಯುವುದಿಲ್ಲ. ಯುಎಎನ್ (ಪಿಎಫ್‌ನ ಕಾಯಂ ಸಂಖ್ಯೆ) ಒಮ್ಮೆ ಬಂದರೆ ಮುಂದಿನ ಕಂಪನಿಯಲ್ಲೂ ಅದನ್ನೇ ಕೊಡಬೇಕು, ಹೊಸದು ಮಾಡಿಸಬಾರದು.

ಸಂಬಳದಲ್ಲಿ ಪಿಎಫ್ ಕಡಿತವಾದ ಮಾತ್ರಕ್ಕೆ ಖಾತೆಗೆ ಹೋಗಿದೆ ಎಂದಲ್ಲ. ಪ್ರತಿ ತಿಂಗಳದ್ದನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಮೂರನೇ ಸಂಬಳ ಬಂದ ಮೇಲೆ ಸರ್ಕಾರದ ಉಮಂಗ್ ಆ್ಯಪಿನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು, ಪೇ ಸ್ಲಿಪ್ಪಿನ ಅಂಕಿಯನ್ನು ಪಕ್ಕಕ್ಕಿಟ್ಟು, ಮೊದಲ ತಿಂಗಳ ಎರಡೂ ಪಾಲು ಜಮಾ ಆಗಿದೆಯೇ ನೋಡಿ. ಕಂಪನಿಯ 1,800ರಲ್ಲಿ 1,250 ಪಿಂಚಣಿಯ ಕಾಲಮ್ಮಿನಲ್ಲಿ ಬೇರೆಯಾಗಿ ಕಾಣಿಸುತ್ತದೆ.