ಮೇಜಿನ ಅಂಚಿಗೆ ಬಂದ ಮೌಸ್

ನಾನು ಪೇಟೆಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಹೋದ ವರ್ಷ ಒಂದು ದಿನದ ಮಟ್ಟಿಗೆ ಹಳ್ಳಿ ಶಾಲೆಯೊಂದಕ್ಕೆ ಪಾಠ ಮಾಡಲು ಹೋಗಿದ್ದೆ. ಏಳನೇ ತರಗತಿ, 32 ಮಕ್ಕಳು.

ಕಂಪ್ಯೂಟರ್ ಕೋಣೆಗೆ ಬೀಗ ಹಾಕಿತ್ತು. ಒಳಗೆ ಬಟ್ಟೆ ಹೊದ್ದು ಕೂತಿದ್ದ 10 ಕಂಪ್ಯೂಟರ್‌ಗಳಲ್ಲಿ ಆನ್ ಆಗಿದ್ದು 4. ರಾತ್ರಿಯೆಲ್ಲ ಕೂತು ತಯಾರಿಸಿದ ನನ್ನ ಪಾಠ ಗೂಗಲ್ ಡ್ರೈವ್‌ನಲ್ಲಿತ್ತು, ಅಲ್ಲಿ ಇಂಟರ್ನೆಟ್ಟೇ ಇಲ್ಲ. ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಕು ಅಂತ ಹೊಳೆದೇ ಇರಲಿಲ್ಲ ನನಗೆ. ಮೇಷ್ಟ್ರಂತೆ!

ಸರಿ, ಪೇಂಟ್ ತೆರೆದು ಒಂದು ಮನೆ ಬಿಡಿಸಿ ಅಂದೆ. ಮೊದಲು ಕೂತ ಹುಡುಗಿ ಗೆರೆ ಎಳೆಯುತ್ತಾ ಹೋದಳು. ಗೋಡೆ ಅರ್ಧ ಆಗುವಷ್ಟರಲ್ಲಿ ಮೌಸ್ ಮೇಜಿನ ಅಂಚಿಗೆ ಬಂತು. ಕೈ ಅಲ್ಲೇ ನಿಂತಿತು.

"ಸರ್, ಜಾಗ ಮುಗೀತು."

ಬಟನ್ ಬಿಡದೆ ಮೌಸನ್ನು ಎತ್ತಿ ಈಚೆಗೆ ಇಟ್ಟುಕೊಂಡರೆ ಆಯಿತು, ಅಲ್ವಾ? ಇದನ್ನು ನಾನು ಪೇಟೆಯಲ್ಲಿ ಯಾರಿಗೂ ಹೇಳಿಕೊಟ್ಟ ನೆನಪಿಲ್ಲ. ಮನೆಯಲ್ಲಿ ಸುಮ್ನೆ ಆಡ್ತಾ ಆಡ್ತಾ ಬಂದುಬಿಡುವ ವಿದ್ಯೆ ಅದು.

ಜಗತ್ತಿನ 3ರಿಂದ 17 ವರ್ಷದ ಮಕ್ಕಳಲ್ಲಿ ಸುಮಾರು 130 ಕೋಟಿ ಮಕ್ಕಳಿಗೆ, ಅಂದರೆ ಮೂರರಲ್ಲಿ ಇಬ್ಬರಿಗೆ, ಮನೆಯಲ್ಲಿ ಇಂಟರ್ನೆಟ್ ಇಲ್ಲ ಅಂತ ಯುನಿಸೆಫ್ 2020ರಲ್ಲಿ ಹೇಳಿತ್ತು. ಆಗ ಓದಿ ಮರೆತಿದ್ದೆ. ಅದರಲ್ಲಿದ್ದ 'ಮನೆಯಲ್ಲಿ' ಅನ್ನೋ ಮಾತು ಆ ದಿನ ಚುಚ್ಚಿತು. ನಮ್ಮ ಶಾಲೆಯ ಮಕ್ಕಳು ಭಾರಿ ಚುರುಕು ಅಂದುಕೊಂಡಿದ್ದೆ. ಅವರು ಮನೆಯಲ್ಲಿ ಫೈಲ್ ಅಳಿಸಿ, ಸೆಟ್ಟಿಂಗ್ ಕೆಡಿಸಿ, ಅಪ್ಪನ ಕೈಲಿ ಬೈಸಿಕೊಂಡು ಕಲಿತವರು. ಇಲ್ಲಿ 40 ನಿಮಿಷದ ಪೀರಿಯಡ್‌ಗೆ ಒಂದು ಕಂಪ್ಯೂಟರ್ ಮುಂದೆ 8 ಮಕ್ಕಳು. ತಲೆಗೆ 5 ನಿಮಿಷ, ಅದೂ ವಾರಕ್ಕೊಮ್ಮೆ. ಬೆನ್ನ ಹಿಂದೆ ಏಳು ಜನ ನೋಡ್ತಾ ನಿಂತಿರುವಾಗ ತಪ್ಪು ಮಾಡೋಕೆ ಯಾರಿಗೆ ಧೈರ್ಯ ಬರುತ್ತೆ?

ಅವರಿಗೆ ತಲೆ ಇಲ್ಲ ಅಂತಲ್ಲ. ಕೀಬೋರ್ಡ್ ನೋಡುತ್ತಿದ್ದ ಒಬ್ಬ ಹುಡುಗ, "ಎ ಪಕ್ಕ ಬಿ ಯಾಕಿಲ್ಲ ಸರ್?" ಅಂದ. ಪೇಟೆಯಲ್ಲಿ ಯಾರೂ ಕೇಳಿರಲಿಲ್ಲ. 1870ರ ದಶಕದ ಟೈಪ್‌ರೈಟರ್‌ನಿಂದ ಬಂದ ಜೋಡಣೆ ಇದು ಅಂದೆ. "ಆ ಮೆಷಿನ್ ಈಗ ಇಲ್ವಲ್ಲ, ಮತ್ಯಾಕೆ ಇದು?" ನಾನು ಪೇಂಟ್ ಕಡೆ ತಿರುಗಿದೆ.

ಮೌಸ್ ಎತ್ತಿಡೋದು ಅಷ್ಟರಲ್ಲಿ ಹುಡುಗಿಗೆ ಬಂದಿತ್ತು. ಗೋಡೆ ಮುಗಿಸಿ ಸೂರಿಗೆ ಕೈ ಹಾಕಿದ್ದಳು. ಕರೆಂಟ್ ಹೋಯಿತು. ಉಳಿದವರು ಎದ್ದು ಹೊರಟರು. ಅವಳು ಮೌಸ್ ಬಿಡಲಿಲ್ಲ, ಕಪ್ಪಗಿದ್ದ ಸ್ಕ್ರೀನ್ ನೋಡುತ್ತಾ ಹೇಳಿದಳು:

"ನಂದು ಇನ್ನೂ ಎರಡು ನಿಮಿಷ ಇದೆ ಸರ್."