ಮಷೀನು ತಂದರೆ ಸಾಕಾ?

ಶಿರಸಿಗೆ ಫೋನ್ ಮಾಡಿದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. "ಚಿಪ್ ಮಾಡುವುದರಲ್ಲಿ ತೈವಾನಿನವರು ಅಂಥದ್ದೇನು ಮಾಡುತ್ತಾರೆ? ಆ ಚಿಪ್ ಮಾಡುವ ಮಷೀನು ನಾವೂ ತಂದರೆ ಆಯ್ತಲ್ಲ?"

ನಾನಿರುವ ತೈವಾನಿನ ಶಿಂಚುವಿನಲ್ಲೇ ಚಿಪ್ ತಯಾರಿಸುವ ಟಿಎಸ್‌ಎಂಸಿಯ ಮುಖ್ಯ ಕಚೇರಿ ಇದೆ. ಆದರೆ ಆ ಮಷೀನು ಇಲ್ಲಿಯದಲ್ಲ, ನೆದರ್‌ಲ್ಯಾಂಡ್ಸಿನ ಎಎಸ್‌ಎಂಎಲ್ ಕಂಪನಿಯದು. ಚಿಪ್ ಮೇಲೆ ಬೆಳಕಿನಿಂದ ಸೂಕ್ಷ್ಮ ಗೆರೆ ಮೂಡಿಸುವ ಈ ಇಯುವಿ ಮಷೀನು ಮಾರುವವರು ಜಗತ್ತಿನಲ್ಲಿ ಅವರೊಬ್ಬರೇ. ಒಳಗೆ ಕರಗಿದ ತವರದ ಹನಿಗಳು ಸೆಕೆಂಡಿಗೆ ಸುಮಾರು 50,000ದಂತೆ ಹಾರುತ್ತವೆ. ಒಂದೊಂದು ಹನಿಗೂ ಲೇಸರ್ ಏಟು. ಆಗ 13.5 ನ್ಯಾನೋಮೀಟರ್ ತರಂಗಾಂತರದ ಬೆಳಕು ಹುಟ್ಟುತ್ತದೆ. ಈ ಬೆಳಕನ್ನು ಗಾಳಿಯೂ ನುಂಗುತ್ತದೆ, ಗಾಜೂ ನುಂಗುತ್ತದೆ. ಅದಕ್ಕೇ ಒಳಗೆಲ್ಲ ನಿರ್ವಾತ, ಲೆನ್ಸ್ ಬದಲು ಕನ್ನಡಿ. ಸುಮ್ನೆ ಕತೆ ಕಟ್ಟಿದ ಹಾಗಿದೆ, ಅಲ್ವಾ?

ಆದರೆ ಇದೇ ಮಷೀನು ಸ್ಯಾಮ್ಸಂಗ್ ಹತ್ತಿರವೂ ಇದೆ, ಇಂಟೆಲ್ ಹತ್ತಿರವೂ ಇದೆ. ನನಗೆ ಕಂಡಂತೆ ವ್ಯತ್ಯಾಸ ಇರುವುದು ಇಳುವರಿಯಲ್ಲಿ, ಅಂದರೆ ಮಾಡಿದ್ದರಲ್ಲಿ ಎಷ್ಟು ಚಿಪ್ ಕೆಲಸಕ್ಕೆ ಬರುತ್ತವೆ ಎಂಬುದರಲ್ಲಿ. 300 ಮಿಲಿಮೀಟರ್ ಅಗಲದ ಒಂದು ವೇಫರ್, ಅಂದರೆ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ ಹಿಡಿಸುತ್ತವೆ. ಅದು ನೂರಾರು ಹಂತ ದಾಟಲು ತಿಂಗಳುಗಟ್ಟಲೆ ಬೇಕು. ನಡುವೆ ಎಲ್ಲೋ ಒಂದು ಕಣ ಧೂಳು ಕೂತರೆ ಆ ಚಿಪ್ ಹೋಯಿತು. ಇದೂ ಅಡಿಕೆ ತೋಟದ ಹಾಗೆಯೇ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮೈಲುತುತ್ತ, ಸುಣ್ಣ, ನೀರು. ಆದರೂ ಮಳೆ ಜಾಸ್ತಿಯಾದ ವರ್ಷ ಒಬ್ಬರ ತೋಟ ಉಳಿಯುತ್ತದೆ, ಪಕ್ಕದವರ ಅಡಿಕೆ ಕೊಳೆ ಬಂದು ಉದುರುತ್ತದೆ. ಯಾವ ಬಿಸಿಲಿಗೆ ಹೊಡೆಯಬೇಕು, ಅಡಿಕೆ ಗೊನೆಗೆ ಹೇಗೆ ತಾಗಿಸಬೇಕು ಎಂಬುದು ಮರ ಹತ್ತಿ ಪಳಗಿದ ಕೊನೆಗೌಡನಿಗೇ ಗೊತ್ತು. ಫ್ಯಾಬ್‌ನಲ್ಲೂ, ಅಂದರೆ ಚಿಪ್ ಕಾರ್ಖಾನೆಯಲ್ಲೂ, ಹೆಚ್ಚು ವೇಫರ್ ಓಡಿಸಿದವರೇ ಪಳಗುವುದು.

ಅಷ್ಟು ಕೆಲಸ ಟಿಎಸ್‌ಎಂಸಿಗೆ ಬಂದದ್ದೆಲ್ಲಿಂದ? 1987ರಲ್ಲಿ ಮೋರಿಸ್ ಚಾಂಗ್ ಕಂಪನಿ ಶುರು ಮಾಡಿದ್ದೇ ಬೇರೆಯವರ ಚಿಪ್ ಮಾಡಿಕೊಡಲು. ತಮ್ಮ ಹೆಸರಿನ ಚಿಪ್ ಮಾರುವುದೇ ಇಲ್ಲ. ಆಪಲ್ ಮೊದಲು ಐಫೋನ್ ಚಿಪ್ ಮಾಡಿಸುತ್ತಿದ್ದದ್ದು ಸ್ಯಾಮ್ಸಂಗ್ ಕೈಲಿ. ಫೋನಿನಲ್ಲಿ ಅವರೇ ಎದುರಾಳಿಯಾದರು. 2014ರಿಂದ ಆಪಲ್ ಇತ್ತ ವಾಲಿತು. ಇಂಟೆಲ್ 10 ನ್ಯಾನೋಮೀಟರ್ ತಲೆಮಾರಿನ ಚಿಪ್‌ಗೆ ಇಯುವಿ ಇಲ್ಲದೆ ಹೊರಟು ವರ್ಷಗಟ್ಟಲೆ ಸಿಕ್ಕಿಬಿತ್ತು.

ಇಲ್ಲಿನ ಸರ್ಕಾರವೂ ಬೆನ್ನಿಗಿದೆ. 2021ರ ಬರದಲ್ಲಿ ಭತ್ತದ ಗದ್ದೆಗಳಿಗೆ ನೀರು ನಿಲ್ಲಿಸಿದರು, ಫ್ಯಾಬ್‌ಗಳು ನಡೆದವು. ಬೇಡ್ತಿ, ಅಘನಾಶಿನಿ ನೀರಿನ ಜಗಳ ಕೇಳುತ್ತ ಬೆಳೆದ ನನಗೆ ಇದು ಮಾತ್ರ ಸರಿ ಕಾಣಲಿಲ್ಲ.

ಗುಜರಾತಿನ ಧೊಲೇರಾದಲ್ಲಿ ಟಾಟಾದವರು ಇದೇ ಶಿಂಚುವಿನ ಇನ್ನೊಂದು ಚಿಪ್ ಕಂಪನಿ ಪಿಎಸ್‌ಎಂಸಿ ಜೊತೆ ಸೇರಿ 28 ನ್ಯಾನೋಮೀಟರಿನಂಥ ಹಳೆ ತಲೆಮಾರಿನ ಚಿಪ್‌ಗೆ ಕೈಹಾಕಿದ್ದಾರೆ. "ಹಳೆಯದಾ?" ಎಂದು ಮೂಗು ಮುರಿಯಬೇಡಿ. ಕಾರಿಗೂ ಕರೆಂಟ್ ಮೀಟರಿಗೂ ಬೇಕಾದದ್ದು ಅಂಥವೇ.