ಖಾಲಿ ಸೈಟು, ಸೋದರಮಾವ ಮತ್ತೆ ಒಂದಿಷ್ಟು ಆಮೆಗಳು

ಹೋದ ಭಾನುವಾರ ಮಾವನ ಜೊತೆ ಹದಡಿ ರೋಡ್ ಕಡೆ ಅವ್ರ ಸೈಟ್ ನೋಡೋಕೆ ಹೋಗಿದ್ದೆ. ಲೇಔಟ್ ಆಗಿ ಎಷ್ಟೋ ವರ್ಷ ಆಯ್ತು, ಟಾರ್ ರೋಡ್ ಐತೆ, ಚರಂಡಿ ಐತೆ, ಕರೆಂಟ್ ಕಂಬ ಐತೆ, ಮನೆ ಮಾತ್ರ ಅಲ್ಲೊಂದು ಇಲ್ಲೊಂದು, ಉಳಿದಿದ್ದೆಲ್ಲಾ ಜಾಲಿ ಗಿಡ. ಅದನ್ನ ದಾಟಿದ್ರೆ ಭದ್ರಾ ಚಾನಲ್ ನೀರಿನ ಗದ್ದೆ ಮಧ್ಯ ಇನ್ನೊಂದು ಹೊಸ ಲೇಔಟಿಗೆ ಕಲ್ಲು ನೆಡ್ತಾ ಇದ್ರು! ಇಷ್ಟೊಂದು ಜಾಗ ಖಾಲಿ ಬಿಟ್ಟು ನಮ್ಮ ದಾವಣಗೆರೆ ಯಾಕೆ ಹಿಂಗೆ ಹಾರಿ ಹಾರಿ ಬೆಳೀತೈತೆ?

ರಾತ್ರಿ ನೆಟ್‌ಲೋಗೋ ತೆಗ್ದು ಕೂತೆ. ಇಂಥದ್ದನ್ನ ಕಂಪ್ಯೂಟರಲ್ಲೇ ಆಡಿಸಿ ನೋಡೋಕೆ ಇರೋ ಫ್ರೀ ಸಾಫ್ಟ್‌ವೇರು, ನೆಲ ಅಂದ್ರೆ ಚೌಕ ಚೌಕ, ಅದ್ರ ಮೇಲಿರೋ ಒಬ್ಬೊಬ್ರಿಗೂ ಟರ್ಟಲ್ ಅಂತಾರೆ, ಆಮೆ. ಇಡೀ ಊರಿಗೆ ಒಂದು ಸೂತ್ರ ಅಂತ ಬರೆಯಲ್ಲ, ಒಂದೊಂದು ಆಮೆಗೂ ಅದ್ರದ್ದೇ ಲೆಕ್ಕಾಚಾರ ಕೊಟ್ಟು ಊರು ಹೆಂಗಾಗುತ್ತೋ ನೋಡ್ತಾ ಕೂರೋದು. ಥಾಮಸ್ ಶೆಲ್ಲಿಂಗ್ ಅನ್ನೋ ಅರ್ಥಶಾಸ್ತ್ರಜ್ಞರು 1971ರಲ್ಲೇ ಇದನ್ನ ತೋರಿಸಿದ್ರು, ಅಕ್ಕಪಕ್ಕದಲ್ಲಿ ಮೂರಕ್ಕೆ ಒಬ್ರು ನಮ್ಮಂಥೋರು ಇದ್ರೆ ಸಾಕು ಅಂತ ಎಲ್ರೂ ಅಂದ್ಕೊಂಡ್ರೂ ಕೊನೆಗೆ ಊರು ಗುಂಪು ಗುಂಪಾಗಿ ಬೇರೆ ಆಗಿಬಿಡುತ್ತೆ. (ನಮ್ಮ ಕೇರಿಗಳು ಹಂಗೆ ತಾವಾಗೇ ಆಗಿದ್ದಲ್ಲ ಬಿಡ್ರಿ, ಅಲ್ಲಿ ಜಾತಿ ಕೇಳೇ ಜಾಗ ಕೊಟ್ಟಿದ್ದು.)

ಮೊದಲು ನಾನು ಆಮೆಗಳಿಗೆ ದುಡ್ಡು, ಸೈಟಿನ ರೇಟು, ಬಸ್‌ಸ್ಟ್ಯಾಂಡಿಗೆ ಎಷ್ಟು ದೂರ, ಇಷ್ಟೇ ಕೊಟ್ಟಿದ್ದೆ. ಊರು ಕಾವಲಿ ಮೇಲೆ ದೋಸೆ ಹಿಟ್ಟು ಹುಯ್ದಂಗೆ ನಡುವಿಂದ ದುಂಡಗೆ ಹರಡ್ಕೊಂಡು ಹೋಯ್ತು, ಒಂದು ಸೈಟೂ ಖಾಲಿ ಇಲ್ಲ. ಚೆಂದ ಇತ್ತು, ಆದ್ರೆ ನಮ್ಮೂರಲ್ಲ.

ಆಮೇಲೆ ಮಾವ ಅಂದಿದ್ದು ನೆನಪಾಯ್ತು. ಯಾಕೆ ಮನೆ ಕಟ್ಟಲ್ಲ ಅಂತ ಕೇಳಿದ್ದಕ್ಕೆ, "ಅಕ್ಕಪಕ್ಕ ನಾಲ್ಕು ಮನೆ ಏಳ್ಲಿ ತಡಿಯಲೇ, ನಾನೊಬ್ಬನೇ ಹೋಗಿ ಹಾವಿನ ಜೊತೆ ಸಂಸಾರ ಮಾಡ್ಲಾ?" ಅಂದಿದ್ರು. ಪಕ್ಕದ ಸೈಟ್‌ನೋರು ಕಟ್ಟೋದೇ ಇಲ್ವಂತೆ, ಮಗಳ ಮದ್ವೆಗೆ ಮಾರೋಕೆ ಇಟ್ಕೊಂಡಿರೋದು. ಎರಡನ್ನೂ ಕೋಡ್‌ಗೆ ಹಾಕ್ದೆ: ಸುತ್ತಲ ಎಂಟು ಚೌಕದಲ್ಲಿ ಮೂರು ಮನೆ ಇಲ್ಲಾಂದ್ರೆ ಕಾಯಿ, ಕೆಲವರು ಕಟ್ಟೋದೇ ಬೇಡ, ರೇಟ್ ಏರೋವರ್ಗೂ ಬಿಡಬ್ಯಾಡ. ನೋಡ್ತಾ ನೋಡ್ತಾ ಸ್ಕ್ರೀನ್ ಮೇಲೆ ತೂತು ಬೀಳೋಕೆ ಶುರುವಾಯ್ತು, ಯಾಕಂದ್ರೆ ಹಿಡ್ಕೊಂಡೋರ ಸೈಟು ಸಿಗಲ್ಲ, ಸಿಕ್ಕಿದ್ರೂ ರೇಟ್ ಕೈಗೆಟುಕಲ್ಲ, ನಿಜವಾಗ್ಲೂ ಮನೆ ಬೇಕಾದೋನು ಅದನ್ನೆಲ್ಲಾ ದಾಟಿ ಗದ್ದೆ ಕಡೆ ಹೋಗ್ತಾನೆ. ಮೂರನ್ನ ಎರಡು ಮಾಡಿದ್ರೆ ಲೇಔಟ್ ಬೇಗ ತುಂಬುತ್ತೆ. ಆದ್ರೆ ಎಲ್ರೂ ಕಾಯೋ ಗಿರಾಕಿಗಳೇ ಆದ್ರೆ ಒಂದು ಇಟ್ಟಿಗೇನೂ ಏಳಲ್ಲ, ಅದಕ್ಕೆ ಯಾರಿಗೂ ಕಾಯದಂಥ ಒಂದಿಷ್ಟು ಮೊಂಡು ಆಮೆಗಳನ್ನ ಬಿಡಬೇಕಾಯ್ತು.

ಇದು ಆಟಿಕೆ ಅಂತ ಗೊತ್ತು, ಹಳೇ ಸ್ಯಾಟಲೈಟ್ ಫೋಟೋ ಪಕ್ಕ ಇಟ್ಟು ನೋಡೋವರ್ಗೂ ಏನೂ ಹೇಳಂಗಿಲ್ಲ.

ಮಾವಂಗೆ ತೋರಿಸ್ದೆ. ಕನ್ನಡಕ ಏರಿಸ್ಕೊಂಡು ಸುಮಾರು ಹೊತ್ತು ನೋಡಿ, ಒಂದು ಖಾಲಿ ಚೌಕದ ಮೇಲೆ ಬೆರಳಿಟ್ಟು, "ಇದು ಪೂರ್ವದ ಬಾಗಿಲಾ ದಕ್ಷಿಣದ್ದಾ?" ಅಂದ್ರು. ದಿಕ್ಕೇ ಹಾಕಿರ್ಲಿಲ್ಲ ನಾನು. ಈಗ ಆಮೆಗಳಿಗೆ ವಾಸ್ತು ಕಲಿಸ್ತಾ ಕೂತಿದೀನಿ.